ಅರ್ಹತಾ ಪಟ್ಟಿಯಲ್ಲಿ ಇಲ್ಲದ ಆಟಗಾರ

ಒಂದು ಕ್ರಿಕೆಟ್ ಸರಣಿ ಮುಗಿದು ಇನ್ನೊಂದು ಆರಂಭವಾಗುವ ನಡುವಿನ ಬಿಡುವಿನಲ್ಲಿ ನಮ್ಮ ಜನ ತಪ್ಪದೆ ಕೈಗೆತ್ತಿಕೊಳ್ಳುವ ಕೆಲಸವೊಂದಿದೆ. ಅದು ಭಾರತದ ಸಾರ್ವಕಾಲಿಕ ಶ್ರೇಷ್ಠ ತಂಡದ ಆಯ್ಕೆ. ಇದಕ್ಕೆ ನೇಮಕಾತಿ ಆದೇಶ ಬೇಕಿಲ್ಲ, ಪ್ರಯಾಣ ಭತ್ಯೆ ಇಲ್ಲ, ತೀರ್ಪಿನ ವಿರುದ್ಧ ಸಲ್ಲಿಸುವ ಮೇಲ್ಮನವಿಗಳಿಗೆ ಮಿತಿಯೂ ಇಲ್ಲ. ರಾಜಧಾನಿಯ ಕ್ಲಬ್ಬುಗಳಲ್ಲಿ ನಡೆಯುವ ಈ ಚರ್ಚೆ ಅಷ್ಟೇ ಗಾಂಭೀರ್ಯದಿಂದ ಶಿರಾದ ಹೆದ್ದಾರಿ ಬದಿಯ ಹೋಟೆಲುಗಳಲ್ಲಿ, ಕೊರಟಗೆರೆಯ ಬಸ್ ನಿಲ್ದಾಣದಲ್ಲಿ, ಪಾವಗಡದ ಶನಿಮಹಾತ್ಮ ದೇವಾಲಯದ ಎದುರಿನ ಅಂಗಡಿ ಸಾಲಿನಲ್ಲಿಯೂ ನಡೆಯುತ್ತದೆ.

ಸೇವೆಯಲ್ಲಿದ್ದಾಗ ನಾನು ಕೆಲಕಾಲ ಮಧುಗಿರಿ ಉಪವಿಭಾಗದಲ್ಲಿ ಕೆಲಸ ಮಾಡಿದವನು. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿದ ಉಪವಿಭಾಗ ಅದು. ಇತ್ತೀಚೆಗೆ ಹಳೆಯ ಸಹೋದ್ಯೋಗಿಯೊಬ್ಬರ ಮನೆಯ ಶುಭಕಾರ್ಯಕ್ಕೆಂದು ಮಧುಗಿರಿಗೆ ಹೋಗಿದ್ದೆ. ಸಂಜೆ ಏಕಶಿಲಾ ಬೆಟ್ಟದ ತಪ್ಪಲಿನಲ್ಲಿ ಚಹಾ ಕುಡಿಯುತ್ತಾ ಕುಳಿತಿದ್ದಾಗ ಅಲ್ಲಿದ್ದ ನಿವೃತ್ತರೂ ಯುವಕರೂ ಕೂಡಿ ತಂಡದ ಆಯ್ಕೆ ಆರಂಭಿಸಿದರು. ಗಾವಸ್ಕರ್, ಸೆಹ್ವಾಗ್, ದ್ರಾವಿಡ್, ತೆಂಡೂಲ್ಕರ್, ಕೊಹ್ಲಿ, ಧೋನಿ, ಕಪಿಲ್ ದೇವ್, ಕುಂಬ್ಳೆ, ಬೂಮ್ರಾ ಇವರ ಹೆಸರುಗಳು ಹೆಚ್ಚು ವಿವಾದವಿಲ್ಲದೆ ಅಂಗೀಕಾರವಾದವು. ವಿಶ್ವನಾಥ್ ಅವರನ್ನು ಬಿಟ್ಟ ತಂಡ ತಂಡವೇ ಅಲ್ಲವೆಂದು ನನ್ನ ವಯಸ್ಸಿನವರು ಹಟ ಹಿಡಿದು ಗೆದ್ದರು. ಜಗಳ ನಿಂತದ್ದು ಎಡಗೈ ಸ್ಪಿನ್ನರನ ಒಂದು ಸ್ಥಾನದ ಬಳಿ. ವಿನೂ ಮಂಕಡ್ 44 ಟೆಸ್ಟ್‌ಗಳಲ್ಲಿ 162 ವಿಕೆಟ್ ಪಡೆದವರು. ಬಿಷನ್ ಸಿಂಗ್ ಬೇಡಿ 67 ಟೆಸ್ಟ್‌ಗಳಲ್ಲಿ 266. ರವೀಂದ್ರ ಜಡೇಜ 300ರ ಗಡಿ ದಾಟಿದವರು. ಯಾರನ್ನು ಬಿಡುವುದು?

ನನ್ನ ಅಭಿಪ್ರಾಯ ಕೇಳಿದಾಗ ಪಲ್ವಂಕರ್ ಬಾಲು ಎಂದೆ. ಅವರು ಎಷ್ಟು ಟೆಸ್ಟ್ ಆಡಿದ್ದಾರೆಂಬ ಪ್ರಶ್ನೆ ತಕ್ಷಣ ಬಂತು. ಒಂದೂ ಇಲ್ಲ ಎಂದು ಉತ್ತರಿಸಿದ ಮೇಲೆ ಆ ಹೆಸರನ್ನು ಸೌಜನ್ಯದಿಂದಲೇ ಬದಿಗಿರಿಸಲಾಯಿತು. ಮೊಬೈಲಿನಲ್ಲಿ ಪಟ್ಟಿ ಬರೆದುಕೊಳ್ಳುತ್ತಿದ್ದ ಹುಡುಗನೊಬ್ಬ ಮಾತ್ರ ಅವರು ಯಾವ ಊರಿನವರೆಂದು ಕೇಳಿದ. ಹುಟ್ಟಿದ್ದು ಧಾರವಾಡದಲ್ಲಿ ಎಂದೆ. ನಮ್ಮ ರಾಜ್ಯದ ಮಣ್ಣಿನಲ್ಲಿ ಹುಟ್ಟಿದವರೆಂದು ತಿಳಿದ ಕೂಡಲೇ ಸಭೆ ಪ್ರಕರಣವನ್ನು ಮರುಪರಿಶೀಲಿಸಲು ಸಿದ್ಧವಾಯಿತು. ಅಂದು ಅಲ್ಲಿ ಅರ್ಧಕ್ಕೆ ನಿಂತ ವಾದವನ್ನು ಇಲ್ಲಿ ಪೂರ್ಣಗೊಳಿಸಲು ಬಯಸುತ್ತೇನೆ.

ಪಲ್ವಂಕರ್ ಬಾಲು 1876ರ ಮಾರ್ಚ್ 19ರಂದು ಆಗಿನ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ ಜನಿಸಿದರೆಂದು ಕ್ರಿಕೆಟ್ ದಾಖಲೆಗಳು ಹೇಳುತ್ತವೆ. ಮನೆತನದ ಹೆಸರು ಬಂದದ್ದು ಕೊಂಕಣದ ಪಲ್ವಣ್ ಎಂಬ ಹಳ್ಳಿಯಿಂದ. ಕುಟುಂಬ ಚಮಾರ ಸಮುದಾಯಕ್ಕೆ ಸೇರಿದ್ದು. ಅಂದರೆ ಅಂದಿನ ಸಮಾಜ ಮುಟ್ಟಬಾರದೆಂದು ಹೊರಗಿರಿಸಿದ್ದ ಜನರಿಗೆ. ತಂದೆ ಸೇನೆಯ ಆಶ್ರಯದಲ್ಲಿ ನೌಕರಿ ಹಿಡಿದಿದ್ದರಿಂದ ಸಂಸಾರ ಪುಣೆಗೆ ಬಂತು. ಶತಮಾನಗಳಿಂದ ಶಾಲೆಯ ಬಾಗಿಲು ಮುಚ್ಚಿದ್ದ ಸಮುದಾಯಗಳಿಗೆ ಆ ಕಾಲದಲ್ಲಿ ದಂಡು ಪ್ರದೇಶವೇ ಹೊಸ ಲೋಕದ ಕಿಟಕಿಯಾಗಿತ್ತು. ಸೇನಾಧಿಕಾರಿಗಳು ಬಳಸಿ ಬಿಟ್ಟ ಬ್ಯಾಟು ಚೆಂಡುಗಳಲ್ಲಿ ಬಾಲು ಮತ್ತು ತಮ್ಮ ಶಿವರಾಮ್ ಆಟ ಕಲಿತರು.

ಬಾಲು ಅವರ ಮೊದಲ ಉದ್ಯೋಗ ಪುಣೆಯಲ್ಲಿ ಪಾರ್ಸಿಗಳು ನಡೆಸುತ್ತಿದ್ದ ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ ಗುಡಿಸಿ ರೋಲರ್ ಎಳೆಯುವುದು, ಬಿಡುವಾದಾಗ ಸದಸ್ಯರಿಗೆ ಚೆಂಡೆಸೆಯುವುದು ಅವರ ಕೆಲಸ; ತಿಂಗಳ ಸಂಬಳ 3 ರೂಪಾಯಿ. 1892ರ ಸುಮಾರಿಗೆ ಅವರು ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದರು. ಸಂಬಳ 4 ರೂಪಾಯಿಗೆ ಏರಿತು. ಅಲ್ಲಿಯೂ ಅವರ ಕೆಲಸ ನೆಟ್ ಕಟ್ಟುವುದು, ಪಿಚ್ ಹದಗೊಳಿಸುವುದು, ಟೆನಿಸ್ ಅಂಗಳಕ್ಕೆ ಗೆರೆ ಎಳೆಯುವುದು. ಇಂಗ್ಲಿಷ್ ಸದಸ್ಯರೊಬ್ಬರು ಈ ಯುವಕನ ಎಡಗೈಯಲ್ಲಿ ಏನೋ ವಿಶೇಷವಿದೆಯೆಂದು ಗಮನಿಸಿ ನೆಟ್ಸ್‌ನಲ್ಲಿ ಬೌಲಿಂಗ್ ಮಾಡಲು ಹಚ್ಚಿದರು. ಅಂದಿನ ಅತ್ಯುತ್ತಮ ಯುರೋಪಿಯನ್ ಬ್ಯಾಟ್ಸ್‌ಮನ್ ಎನಿಸಿದ್ದ ಜೆ.ಜಿ. ಗ್ರೇಗ್ ಪ್ರತಿದಿನ ಎಲ್ಲರಿಗಿಂತ ಮೊದಲು ಬಂದು ಬಾಲು ಎದುರು ಅಭ್ಯಾಸ ಮಾಡುತ್ತಿದ್ದರೆಂದೂ, ತಮ್ಮನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರೆಂದೂ ಕಥೆಯಿದೆ. ಕಥೆ ನಿಜವಾಗಿದ್ದರೆ, ತಿಂಗಳಿಗೆ ಎಂಟು ಬಾರಿ ಗ್ರೇಗ್ ಅವರನ್ನು ಔಟ್ ಮಾಡಿದರೆ ಸಂಬಳದಷ್ಟೇ ಹಣ ಕೈಸೇರುತ್ತಿತ್ತು. ಕೌಶಲ ಹರಿತವಾಗಲು ಇದಕ್ಕಿಂತ ನೇರವಾದ ಪ್ರೋತ್ಸಾಹಧನದ ಯೋಜನೆಯನ್ನು ಅರ್ಥಶಾಸ್ತ್ರದ ಪುಸ್ತಕಗಳಲ್ಲಿಯೂ ನಾನು ಕಂಡಿಲ್ಲ.

ಆದರೆ ನೂರಾರು ಗಂಟೆ ಬೌಲ್ ಮಾಡಿದ ಬಾಲು ಅವರ ಕೈಗೆ ಆ ಕ್ಲಬ್ಬಿನಲ್ಲಿ ಬ್ಯಾಟ್ ಮಾತ್ರ ಬರಲಿಲ್ಲ. ಬೌಲಿಂಗ್ ಮೈಮುರಿಯುವ ಕೆಲಸ, ಅದು ಆಳಿನದು. ಬ್ಯಾಟಿಂಗ್ ವಿಲಾಸ, ಅದು ಒಡೆಯನದು. ಸಾಮ್ರಾಜ್ಯದ ಶ್ರೇಣಿಯೂ ನಮ್ಮ ಜಾತಿಯ ಶ್ರೇಣಿಯೂ ಮೈದಾನದಲ್ಲಿ ಹೀಗೆ ಕೈಜೋಡಿಸಿದ್ದವು.

ಪುಣೆಯ ಹಿಂದೂಗಳ ಕ್ಲಬ್ಬಿಗೆ ಊರಿನ ಯುರೋಪಿಯನ್ನರನ್ನು ಸೋಲಿಸುವ ಆಸೆ. ಅದಕ್ಕೆ ಬೇಕಾದ ಬೌಲರ್ ಕಣ್ಣೆದುರಿಗೇ ಇದ್ದರು, ಆದರೆ ಅವರು ಅಸ್ಪೃಶ್ಯರು. ತಂಡದೊಳಗೆ ವಾದವೆದ್ದಿತು. ತೆಲುಗು ಮಾತನಾಡುವ ಸದಸ್ಯರು ಬಾಲು ಪರವಾಗಿ ನಿಂತರೆ, ಪುಣೆಯ ಸಂಪ್ರದಾಯಸ್ಥರು ಹಿಂದೇಟು ಹಾಕಿದರು. ಬಾಲು ಅವರನ್ನು ಹೊರಗಿಡುವುದು ಹಿಂದೂಗಳ ಮೂರ್ಖತನವಾದೀತೆಂಬ ಅರ್ಥದಲ್ಲಿ ಗ್ರೇಗ್ ಪತ್ರಿಕೆಯ ಮೂಲಕ ತಿಳಿಸಿದ ಮೇಲೆ ಸೇರ್ಪಡೆಯಾಯಿತು. ಸೇರಿಸಿಕೊಂಡ ಬಗೆ ಮಾತ್ರ ಗಮನಾರ್ಹ. ಮೈದಾನದಲ್ಲಿ ಬಾಲು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾ ವಿರಾಮದಲ್ಲಿ ತಂಡ ಪೆವಿಲಿಯನ್ ಒಳಗೆ ಪಿಂಗಾಣಿ ಬಟ್ಟಲಿನಲ್ಲಿ ಚಹಾ ಕುಡಿದರೆ, ಬಾಲು ಅವರಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ.

ಸಾತಾರಾದಲ್ಲಿ ಯುರೋಪಿಯನ್ನರ ಕ್ಲಬ್ಬಿನ ಎದುರು ಆಡಿದಾಗ ಬಾಲು ಸ್ಪಿನ್ ನಿಷ್ಫಲವಾಗಲೆಂದು ಆತಿಥೇಯರು ಒಂದು ವಾರ ಪಿಚ್‌ಗೆ ರೋಲರ್ ಎಳೆಸಿ ಗಟ್ಟಿ ಮಾಡಿದ್ದರಂತೆ. ಸಂಬಳಕ್ಕೆ ರೋಲರ್ ಎಳೆದು ಬೆಳೆದವರಿಗೆ ಪಿಚ್‌ನ ಗುಟ್ಟು ತಿಳಿಯದೇ? ಅವರು ಏಳು ವಿಕೆಟ್ ಪಡೆದರು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಸಾರ್ವಜನಿಕವಾಗಿ ಅವರನ್ನು ಶ್ಲಾಘಿಸಿದ್ದಲ್ಲದೆ, ಕೂಡಿ ಆಡುವವರಿಗೆ ಕೂಡಿ ಉಣ್ಣಲು ಏನು ಅಡ್ಡಿಯೆಂದು ತಂಡದವರನ್ನು ಪ್ರಶ್ನಿಸಿದರು. ಲೋಕಮಾನ್ಯ ತಿಲಕರೂ ಸಭೆಯಲ್ಲಿ ಅವರನ್ನು ಗೌರವಿಸಿದರು. ಸುಧಾರಕರಿಗೂ ಸಂಪ್ರದಾಯವಾದಿಗಳಿಗೂ ಒಮ್ಮತವಿಲ್ಲದ ಆ ಊರಿನಲ್ಲಿ ಇಬ್ಬರೂ ಒಪ್ಪಿದ ಅಪರೂಪದ ಸಂಗತಿ ಬಾಲು ಅವರ ಬೌಲಿಂಗ್.

1896ರಲ್ಲಿ ಪುಣೆಯನ್ನು ಪ್ಲೇಗ್ ಆವರಿಸಿದ ಮೇಲೆ ಬಾಲು ಮುಂಬೈಗೆ ಬಂದರು. ಕೆಲಕಾಲ ಸೇನೆಯಲ್ಲಿ, ಬಳಿಕ ರೈಲ್ವೆಯಲ್ಲಿ ಕೆಲಸ ದೊರೆಯಿತು. ಹೊಸದಾಗಿ ಹುಟ್ಟಿದ್ದ ಹಿಂದೂ ಜಿಮ್ಖಾನಾ ಸದಸ್ಯರ ವಿರೋಧದ ನಡುವೆಯೂ ಅವರನ್ನು ತಂಡಕ್ಕೆ ಸೇರಿಸಿಕೊಂಡಿತು. ಮುಂಬೈ ಕ್ರಿಕೆಟ್ ಆಗ ಕೋಮುವಾರು ತಂಡಗಳ ಕ್ರಿಕೆಟ್. ಪಾರ್ಸಿಗಳು ಮತ್ತು ಯುರೋಪಿಯನ್ನರು ಮೊದಲಿನಿಂದಲೂ ಆಡುತ್ತಿದ್ದರು. 1906ರ ಫೆಬ್ರುವರಿಯಲ್ಲಿ ಹಿಂದೂ ತಂಡಕ್ಕೆ ಯುರೋಪಿಯನ್ನರ ಎದುರು ಆಡುವ ಅವಕಾಶ ದೊರೆತಾಗ ಅದು 109 ರನ್ನುಗಳಿಂದ ಗೆದ್ದಿತು. ಬಂಗಾಳದ ವಿಭಜನೆಯಾಗಿ ಸ್ವದೇಶಿ ಚಳವಳಿ ಎದ್ದಿದ್ದ ಆ ದಿನಗಳಲ್ಲಿ ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ್ದು ದೊಡ್ಡ ಸುದ್ದಿ. ಆ ಗೆಲುವಿನ ಪ್ರಮುಖ ರೂವಾರಿ ಬಾಲು. ಜಿಮ್ಖಾನಾ ಈ ಸಹೋದರರಿಗೆ ಬಾಗಿಲು ತೆರೆದದ್ದನ್ನು ಸುಧಾರಣಾವಾದಿ ಪತ್ರಿಕೆಗಳು ಗೆಲುವಿಗಿಂತ ದೊಡ್ಡ ಘಟನೆಯೆಂದು ಬಗೆದವು.

ಇಲ್ಲೊಂದು ಲೆಕ್ಕವನ್ನು ಗಮನಿಸಬೇಕು. ದಾಖಲೆಗೆ ಸೇರಿದ ಪ್ರಥಮ ದರ್ಜೆ ಕ್ರಿಕೆಟ್ಟನ್ನು ಬಾಲು ಆರಂಭಿಸಿದಾಗ ಅವರಿಗೆ ಮೂವತ್ತು ವರ್ಷ ತುಂಬುತ್ತಿತ್ತು. ಸ್ಪಿನ್ನರನೊಬ್ಬನ ಕಲಿಕೆಯ, ಏರಿಕೆಯ ವರ್ಷಗಳೆಲ್ಲ ಸದಸ್ಯರಿಗೆ ನೆಟ್ಸ್‌ನಲ್ಲಿ ಚೆಂಡೆಸೆಯುವುದರಲ್ಲಿ ಕಳೆದಿದ್ದವು. ಅವುಗಳಿಗೆ ಯಾವ ಸ್ಕೋರು ಪುಸ್ತಕದಲ್ಲಿಯೂ ಲೆಕ್ಕವಿಲ್ಲ.

1911ರಲ್ಲಿ ಅಖಿಲ ಭಾರತ ಎಂಬ ಹೆಸರಿನಲ್ಲಿ ತಂಡವೊಂದು ಮೊದಲ ಬಾರಿಗೆ ಇಂಗ್ಲೆಂಡ್ ಪ್ರವಾಸ ಕೈಗೊಂಡಿತು. ಹತ್ತೊಂಬತ್ತು ವರ್ಷದ ಪಟಿಯಾಲ ಮಹಾರಾಜ ಭೂಪಿಂದರ್ ಸಿಂಗ್ ನಾಯಕರು. ಪಾರ್ಸಿ, ಹಿಂದೂ, ಮುಸ್ಲಿಂ ಆಟಗಾರರನ್ನು ಧರ್ಮವಾರು ಹಂಚಿಕೆಯಲ್ಲಿಯೇ ಆರಿಸಲಾಗಿತ್ತು. ಬೆಂಗಳೂರಿನ ಬಿ. ಜಯರಾಮ್ ಕೂಡ ತಂಡದಲ್ಲಿದ್ದರೆಂಬುದು ನಮಗೆ ಅಭಿಮಾನದ ಸಂಗತಿ. ಬಾಲು ಮತ್ತು ಶಿವರಾಮ್ ಇಬ್ಬರೂ ಆಯ್ಕೆಯಾದರು. ಅದು ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ವರ್ಷ. ಲಂಡನ್ನಿನ ಔತಣ, ಸಮಾರಂಭಗಳಲ್ಲಿ ಮುಳುಗಿದ ಮಹಾರಾಜರು ಹೆಚ್ಚಿನ ಪಂದ್ಯಗಳಲ್ಲಿ ಆಡಲೇ ಇಲ್ಲ. ತಂಡ 23 ಪಂದ್ಯಗಳನ್ನಾಡಿ 15ರಲ್ಲಿ ಸೋತಿತು.

ಸೋಲಿನ ಆ ಪ್ರವಾಸದಲ್ಲಿ ಒಂದೇ ಹೆಸರು ಇಂಗ್ಲಿಷ್ ವಿಮರ್ಶಕರ ಗಮನ ಸೆಳೆಯಿತು. ಬಾಲು ಎಲ್ಲ ಪಂದ್ಯಗಳಲ್ಲಿ 18.84ರ ಸರಾಸರಿಯಲ್ಲಿ 114 ವಿಕೆಟ್ ಪಡೆದರು. ಅದರಲ್ಲಿ 75 ವಿಕೆಟ್‌ಗಳು ಪ್ರಥಮ ದರ್ಜೆ ಪಂದ್ಯಗಳಲ್ಲಿ ಬಂದವು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನಿಂಗ್ಸ್‌ನಲ್ಲಿ 103 ರನ್ನಿಗೆ 8 ವಿಕೆಟ್ ಪಡೆದರು. ಕೌಂಟಿ ತಂಡಗಳ ಮೇಲೆ ದೊರೆತ ಎರಡು ಗೆಲುವುಗಳಲ್ಲಿ ಲೀಸೆಸ್ಟರ್‌ಶೈರ್ ವಿರುದ್ಧದ್ದು ಬಾಲು ಬೌಲಿಂಗ್‌ನಿಂದ ಬಂತು. ಸಾಮರ್‌ಸೆಟ್ ವಿರುದ್ಧ ಒಂದೇ ವಿಕೆಟ್ಟಿನಿಂದ ದಕ್ಕಿದ ಗೆಲುವು ಶಿವರಾಮ್ ಶತಕದಿಂದ. ಬಾಲು ಅವರನ್ನು ಯಾರ್ಕ್‌ಶೈರಿನ ಮಹಾನ್ ಎಡಗೈ ಸ್ಪಿನ್ನರ್ ವಿಲ್ಫ್ರೆಡ್ ರೋಡ್ಸ್ ಅವರಿಗೆ ಹೋಲಿಸುವ ರೂಢಿ ಬಂತು. ಇಂಗ್ಲಿಷ್ ಹವೆಯಲ್ಲಿ, ಒದ್ದೆ ಪಿಚ್‌ಗಳ ಮೇಲೆ ಅವರು ಆಡಿದ್ದು ಅದೊಂದೇ ಬೇಸಿಗೆ. ಅದೂ 35ರ ವಯಸ್ಸಿನಲ್ಲಿ.

ತಂಡ ಮರಳಿದಾಗ ಮುಂಬೈನ ಶೋಷಿತ ವರ್ಗಗಳ ಜನ ಬಾಲು ಅವರಿಗೆ ಸನ್ಮಾನ ಏರ್ಪಡಿಸಿದರು. ಆ ಸಭೆಯ ಬಿನ್ನವತ್ತಳೆಯ ಹಿಂದೆ ಇಪ್ಪತ್ತು ವರ್ಷದ ವಿದ್ಯಾರ್ಥಿಯೊಬ್ಬ ಇದ್ದನೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಆ ವಿದ್ಯಾರ್ಥಿ ಭೀಮರಾವ್ ಅಂಬೇಡ್ಕರ್. ಅಂದಿನ ಶೋಷಿತ ಸಮುದಾಯಗಳ ಯುವಕರಿಗೆ ಹೆಮ್ಮೆಯಿಂದ ಹೇಳಿಕೊಳ್ಳಲು ಇದ್ದ ಮೊದಲ ಸಾರ್ವಜನಿಕ ಹೆಸರುಗಳಲ್ಲಿ ಬಾಲು ಒಬ್ಬರು.

1912ರಲ್ಲಿ ಮುಸ್ಲಿಮರ ತಂಡವೂ ಸೇರಿ ಪಂದ್ಯಾವಳಿ ಚತುಷ್ಕೋನವಾಯಿತು. ಬಾಲು, ಶಿವರಾಮ್, ಗಣಪತ್, ವಿಠ್ಠಲ್ ಈ ನಾಲ್ವರು ಸಹೋದರರೂ ಹಿಂದೂ ತಂಡದಲ್ಲಿ ಆಡಿದರು. ಅನುಭವ, ಸಾಧನೆ, ಹಿರಿತನ ಯಾವುದನ್ನು ಮಾನದಂಡವಾಗಿ ತೆಗೆದುಕೊಂಡರೂ ನಾಯಕತ್ವ ಬಾಲು ಅವರಿಗೆ ಸಲ್ಲಬೇಕಾಗಿತ್ತು. 1910ರಿಂದ 1920ರವರೆಗೆ ಬಹುತೇಕ ಪ್ರತಿವರ್ಷ ಆ ಬೇಡಿಕೆ ಎದ್ದಿತು, ಪ್ರತಿವರ್ಷವೂ ಬಿದ್ದುಹೋಯಿತು. 1913ರಲ್ಲಿ ನಾಯಕರಾದ ಎಂ.ಡಿ. ಪೈ ಅವರೇ ಈ ಗೌರವ ಬಾಲು ಅವರದಾಗಬೇಕಿತ್ತೆಂದು ಸಭೆಯಲ್ಲಿ ಒಪ್ಪಿಕೊಂಡರು. ಕಚೇರಿಗಳಲ್ಲಿ ಬಡ್ತಿಯ ಕಡತಗಳನ್ನು ನೋಡಿದವರಿಗೆ ಈ ಬಗೆ ಅಪರಿಚಿತವಲ್ಲ. ಯಾರೂ ಇಲ್ಲವೆನ್ನುವುದಿಲ್ಲ. ಎಲ್ಲರೂ ಅರ್ಹತೆಯನ್ನು ಹೊಗಳುತ್ತಾರೆ. ಆದೇಶ ಮಾತ್ರ ಬೇರೆಯವರ ಹೆಸರಿಗೆ ಹೊರಡುತ್ತದೆ.

1920ರಲ್ಲಿ ಪರಿಸ್ಥಿತಿ ಸ್ಫೋಟಿಸಿತು. ಬಾಲು ಅವರನ್ನು ತಂಡದಿಂದಲೇ ಕೈಬಿಡಲಾಯಿತು. ನಾಯಕ ಪೈ ಮೊದಲ ಪಂದ್ಯಕ್ಕೆ ಲಭ್ಯರಿರಲಿಲ್ಲ. ಆ ಸ್ಥಾನ ತಮ್ಮ ವಿಠ್ಠಲ್‌ಗೂ ಬಾರದೆ ಪುಣೆಯ ಡಿ.ಬಿ. ದೇವಧರ್ ಅವರಿಗೆ ಹೋಯಿತು. ವಿಠ್ಠಲ್ ಮತ್ತು ಶಿವರಾಮ್ ತಂಡದಿಂದ ಹಿಂದೆ ಸರಿದು, ಜಾತಿಯ ಕಾರಣಕ್ಕೆ ಆಗುತ್ತಿರುವ ಅವಮಾನವನ್ನು ಬಹಿರಂಗ ಹೇಳಿಕೆಯಲ್ಲಿ ಖಂಡಿಸಿದರು. ಭಾರತದ ಕ್ರೀಡಾ ಇತಿಹಾಸದಲ್ಲಿ ಆಟಗಾರರು ಜಾತಿ ತಾರತಮ್ಯದ ವಿರುದ್ಧ ನಡೆಸಿದ ಆರಂಭಿಕ ಮುಷ್ಕರ ಇದೆನ್ನಬಹುದು. ಗಾಂಧೀಜಿಯವರು ಅಸ್ಪೃಶ್ಯತಾ ನಿವಾರಣೆಯನ್ನು ರಾಷ್ಟ್ರದ ಕಾರ್ಯಸೂಚಿಗೆ ತರುತ್ತಿದ್ದ ಕಾಲವೂ ಅದೇ. ಸಾರ್ವಜನಿಕ ಅಭಿಪ್ರಾಯ ಸಹೋದರರ ಪರವಾಗಿ ತಿರುಗಿತು. ಅಂತಿಮ ಪಂದ್ಯಕ್ಕೆ ಬಾಲು ಅವರನ್ನು ಮರಳಿ ಕರೆದು ಉಪನಾಯಕರನ್ನಾಗಿ ಮಾಡಲಾಯಿತು. ಪೈ ಮೈದಾನದಿಂದ ಹೊರಗಿದ್ದ ಅವಧಿಯಲ್ಲಿ ಬಾಲು ತಂಡವನ್ನು ನಡೆಸಿದರು. ಅವರಿಗೆ ಸಿಕ್ಕ ನಾಯಕತ್ವ ಅಷ್ಟೇ. ಮೂರು ವರ್ಷಗಳ ಬಳಿಕ, 1923ರಲ್ಲಿ ವಿಠ್ಠಲ್ ಹಿಂದೂ ತಂಡದ ನಾಯಕರಾದರು, ಗೆದ್ದೂ ತೋರಿಸಿದರು. ಅಣ್ಣನಿಗೆ ತೆರೆಯದ ಬಾಗಿಲು ತಮ್ಮನಿಗೆ ತೆರೆಯಿತು. ಅದನ್ನು ತಟ್ಟಿ ತಟ್ಟಿ ಸಡಿಲಗೊಳಿಸಿದ್ದು ಅಣ್ಣನ ಕೈ.

ಬಾಲು ಅವರ ಪ್ರಥಮ ದರ್ಜೆ ದಾಖಲೆ ಹೀಗಿದೆ: 33 ಪಂದ್ಯ, 179 ವಿಕೆಟ್, ಸರಾಸರಿ 15.21. ಇಂಗ್ಲೆಂಡ್ ಪ್ರವಾಸದ ವಿಕೆಟ್‌ಗಳನ್ನು ಕಳೆದರೆ ಭಾರತದ ನೆಲದಲ್ಲಿ ಪಡೆದ 104 ವಿಕೆಟ್‌ಗಳಿಗೆ ಅವರು ಕೊಟ್ಟದ್ದು ತಲಾ 12 ರನ್ನಿಗಿಂತ ಕಡಿಮೆ. ಹದಿನೈದು ವರ್ಷಗಳಲ್ಲಿ ಕೇವಲ 33 ಪಂದ್ಯ ಎಂಬುದು ಅವರ ಕೊರತೆಯಲ್ಲ, ಆ ಕಾಲದ ಪಂದ್ಯಗಳ ಕೊರತೆ.

ಇನ್ನು 1932. ಆ ವರ್ಷ ಜೂನ್ 25ರಂದು ಲಾರ್ಡ್ಸ್ ಮೈದಾನದಲ್ಲಿ ಸಿ.ಕೆ. ನಾಯುಡು ನಾಯಕತ್ವದ ಭಾರತ ತನ್ನ ಮೊದಲ ಟೆಸ್ಟ್ ಆಡಲಿಳಿಯಿತು. ಮಧುಗಿರಿಯ ಸಭೆ ತನ್ನ ಪಟ್ಟಿಯನ್ನು ಆರಂಭಿಸಿದ್ದು ಆ ದಿನದಿಂದ. ಬಾಲು ಅವರಿಗೆ ಆಗ 56 ವರ್ಷ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಶೋಷಿತ ವರ್ಗಗಳಿಗೆ ಪ್ರತ್ಯೇಕ ಮತಕ್ಷೇತ್ರ ಕೊಡುವುದನ್ನು ವಿರೋಧಿಸಿ ಗಾಂಧೀಜಿ ಯರವಾಡ ಜೈಲಿನಲ್ಲಿ ಉಪವಾಸ ಕುಳಿತಾಗ ಏರ್ಪಟ್ಟ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಲು ಒಬ್ಬರು. ಪ್ರತ್ಯೇಕ ಮತಕ್ಷೇತ್ರ ತಮ್ಮ ಜನರನ್ನು ಇನ್ನಷ್ಟು ದೂರ ಮಾಡೀತೆಂಬ ಎಂ.ಸಿ. ರಾಜಾ ಅವರ ನಿಲುವನ್ನು ಅವರು ಒಪ್ಪಿದ್ದರು. ಒಂದು ಕಾಲದಲ್ಲಿ ತಮ್ಮನ್ನು ಸನ್ಮಾನಿಸಿದ ಯುವಕನ ನಿಲುವಿಗೆ ಇದು ವಿರುದ್ಧವಾಗಿತ್ತು. 1937ರ ಚುನಾವಣೆಯಲ್ಲಿ ಮುಂಬೈ ಶಾಸನಸಭೆಗೆ ಅಂಬೇಡ್ಕರ್ ಎದುರು ಕಾಂಗ್ರೆಸ್ ನಿಲ್ಲಿಸಿದ್ದು ಬಾಲು ಅವರನ್ನೇ. ಅಂಬೇಡ್ಕರ್ 13,245 ಮತ ಪಡೆದು ಗೆದ್ದರು. ಬಾಲು ಅವರಿಗೆ 11,225 ಮತಗಳು ಬಂದವು.

ಈ ಭಿನ್ನಾಭಿಪ್ರಾಯದಲ್ಲಿ ಯಾರು ಸರಿಯೆಂಬುದನ್ನು ಇತಿಹಾಸ ಬಹುಮಟ್ಟಿಗೆ ತೀರ್ಮಾನಿಸಿದೆ. ಆದರೆ ಬಾಲು ಅವರ ನಿಲುವಿನ ಹಿಂದೆ ಅವರ ಬದುಕಿನ ಅನುಭವವಿತ್ತು. ಒಳಗೆ ಸೇರಿ, ಅವಮಾನ ನುಂಗಿ, ಕೌಶಲದಿಂದ ಸ್ಥಾನ ಗಳಿಸುವುದು ಅವರ ಹಾದಿ. ಹೊರಗೆ ನಿಂತು ಹಕ್ಕಿನಿಂದ ಸ್ಥಾನ ಕೇಳುವುದು ಅಂಬೇಡ್ಕರ್ ಹಾದಿ. ಮೊದಲ ಹಾದಿಯಲ್ಲಿ ಎಷ್ಟು ದೂರ ಸಾಗಬಹುದು, ಎಲ್ಲಿ ತಡೆಗೋಡೆ ಎದುರಾಗುತ್ತದೆ ಎಂಬುದಕ್ಕೆ ಬಾಲು ಅವರ ನಾಯಕತ್ವದ ಕಡತವೇ ಸಾಕ್ಷಿ.

1955ರ ಜುಲೈ 4ರಂದು ಬಾಲು ಮುಂಬೈನಲ್ಲಿ ನಿಧನರಾದರು. ಬಳಿಕ ಮರೆವು ಕವಿಯಿತು. ತಮ್ಮ ವಿಠ್ಠಲ್ ಮರಾಠಿಯಲ್ಲಿ ಬರೆದ ಆತ್ಮಕಥೆ ಮತ್ತು 2002ರಲ್ಲಿ ಬಂದ ರಾಮಚಂದ್ರ ಗುಹಾ ಅವರ ಕ್ರಿಕೆಟ್ ಇತಿಹಾಸ ಇಲ್ಲದಿದ್ದರೆ ನನ್ನಂಥವರಿಗೂ ಈ ಕಥೆ ತಿಳಿಯುತ್ತಿರಲಿಲ್ಲ. ನಮ್ಮ ರಾಷ್ಟ್ರೀಯ ಪಂದ್ಯಾವಳಿಗೆ ರಣಜಿತ್‌ಸಿಂಹಜಿ ಹೆಸರಿದೆ. ಅವರು ಟೆಸ್ಟ್ ಆಡಿದ್ದು ಇಂಗ್ಲೆಂಡಿಗಾಗಿ. ವಲಯ ಪಂದ್ಯಾವಳಿಗೆ ದುಲೀಪ್‌ಸಿಂಹಜಿ ಹೆಸರಿದೆ. ಅವರೂ ಇಂಗ್ಲೆಂಡಿಗೇ ಆಡಿದವರು. 1920ರಲ್ಲಿ ವಿಠ್ಠಲ್ ಬದಲಿಗೆ ನಾಯಕರಾದ ದೇವಧರ್ ಅವರ ಹೆಸರಿನಲ್ಲಿಯೂ ಟ್ರೋಫಿಯಿದೆ. ಅವರೆಲ್ಲ ದೊಡ್ಡ ಆಟಗಾರರೇ, ಆ ಗೌರವಕ್ಕೆ ಅರ್ಹರೇ. ಆದರೆ ಅಖಿಲ ಭಾರತದ ಹೆಸರಿನ ಮೊದಲ ತಂಡದಲ್ಲಿ ಆಡಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದವರ ಹೆಸರು ಆ ಸಾಲಿನಲ್ಲಿ ಇಲ್ಲ.

ಈಗ ಆಯ್ಕೆಯ ಪ್ರಶ್ನೆಗೆ ಬರೋಣ. ಯಾವುದೇ ಆಯ್ಕೆ ಪಟ್ಟಿಯಲ್ಲಿ ನಿಜವಾದ ನಿರ್ಧಾರ ಆಗುವುದು ಅಂಕಗಳನ್ನು ಹೋಲಿಸುವಾಗ ಅಲ್ಲ, ಅರ್ಹತೆಯ ಷರತ್ತನ್ನು ಬರೆಯುವಾಗ. ಆ ಮೊದಲ ಸಾಲಿನಲ್ಲಿಯೇ ಹಲವರು ಹೊರಗೆ ಉಳಿಯುತ್ತಾರೆ. ಆಮೇಲಿನ ಹೋಲಿಕೆ ಎಷ್ಟೇ ನಿಷ್ಪಕ್ಷಪಾತವಾಗಿದ್ದರೂ ಅವರಿಗೆ ಪ್ರಯೋಜನವಿಲ್ಲ. ಟೆಸ್ಟ್ ಆಡಿರಬೇಕು ಎಂಬುದು ನೋಡಲು ನಿರ್ದುಷ್ಟವಾದ ಷರತ್ತು. ಆದರೆ ಟೆಸ್ಟ್ ಸ್ಥಾನ ಯಾವಾಗ ಕೊಡಬೇಕೆಂದು ತೀರ್ಮಾನಿಸಿದವರು ಲಂಡನ್ನಿನಲ್ಲಿದ್ದರು. ಅದರ ಬದಲು ಭಾರತದ ಹೆಸರಿನ ತಂಡಕ್ಕಾಗಿ ಆಡಿರಬೇಕು ಎಂದು ಬರೆದು ನೋಡಿ. ರಣಜಿ ಹೊರಗೆ ಹೋಗುತ್ತಾರೆ, ಬಾಲು ಒಳಗೆ ಬರುತ್ತಾರೆ. ಬಂದ ಮೇಲೆ ಮಂಕಡ್, ಬೇಡಿ, ಜಡೇಜ ಅವರೊಡನೆ ಸಮಾನವಾಗಿ ಹೋಲಿಸಿಕೊಳ್ಳಲಿ. ನಾನು ಕೇಳುತ್ತಿರುವುದು ಕರುಣೆಯ ಅಂಕವನ್ನಲ್ಲ, ಪರೀಕ್ಷೆಗೆ ಕೂರುವ ಅವಕಾಶವನ್ನು. ಆ ಹೋಲಿಕೆಯಲ್ಲಿ ಅವರು ಗೆಲ್ಲುತ್ತಾರೆಂಬುದು ನನ್ನ ನಂಬಿಕೆ. ಒಪ್ಪದವರು ಬೇಡಿಯವರನ್ನು ಆರಿಸಿದರೆ ನಾನು ಜಗಳವಾಡುವುದಿಲ್ಲ.

ಈ ವಿಷಯದಲ್ಲಿ ನನ್ನ ಆಸಕ್ತಿಗೆ ಇನ್ನೊಂದು ಕಾರಣವಿದೆ. ಉಪವಿಭಾಗದಲ್ಲಿದ್ದಾಗ ಒಂದು ಬೇಸಿಗೆಯಲ್ಲಿ ಹಳ್ಳಿಯೊಂದರ ಟೆನಿಸ್ ಬಾಲ್ ಪಂದ್ಯಾವಳಿಗೆ ಬಹುಮಾನ ವಿತರಿಸಲು ಹೋಗಿದ್ದೆ. ಬರಗಾಲದ ತಾಲ್ಲೂಕುಗಳಲ್ಲಿ ಒಣಗಿದ ಕೆರೆಯಂಗಳವೇ ಕ್ರೀಡಾಂಗಣ. ಗೆದ್ದ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬೌಲ್ ಮಾಡಿದ ಹುಡುಗ ಊರಾಚೆಯ ಕಾಲೋನಿಯವನು. ವಿರಾಮದಲ್ಲಿ ತಂಡದವರೆಲ್ಲ ಬಿಂದಿಗೆಯ ನೀರನ್ನು ಲೋಟದಲ್ಲಿ ಮೊಗೆದು ಕುಡಿದರು. ಆ ಹುಡುಗ ಕುಕ್ಕರುಗಾಲಿನಲ್ಲಿ ಕುಳಿತು ಬೊಗಸೆಯೊಡ್ಡಿದ; ಯಾರೋ ಮೇಲಿನಿಂದ ನೀರು ಸುರಿದರು. ಯಾರ ಮುಖದಲ್ಲಿಯೂ ದ್ವೇಷವಿರಲಿಲ್ಲ. ಅದು ಅಲ್ಲಿನ ರೂಢಿ, ಅಷ್ಟೇ. ಬೇರೆ ಲೋಟ ಇಡುವ ಹೋಟೆಲುಗಳ ಮೇಲೆ ದೂರು ಬಂದಾಗ ಕಡತದಲ್ಲಿ ಕಟ್ಟುನಿಟ್ಟಾಗಿ ಷರಾ ಬರೆಯುತ್ತಿದ್ದ ನಾನು ಅಂದು ಏನೂ ಹೇಳಲಿಲ್ಲ. ಲಿಖಿತ ದೂರಿರಲಿಲ್ಲ, ಕಾರ್ಯಕ್ರಮ ಕೆಡುವುದು ಬೇಡವೆನಿಸಿತು. ಶ್ರೇಷ್ಠ ಬೌಲರ್ ಬಹುಮಾನವನ್ನು ಅವನ ಕೈಗಿತ್ತು, ಭುಜ ತಟ್ಟಿ ಜೀಪು ಹತ್ತಿದೆ. ಗುಹಾ ಅವರ ಪುಸ್ತಕದಲ್ಲಿ ಪುಣೆಯ ಮಣ್ಣಿನ ಕುಡಿಕೆಯ ಪ್ರಸಂಗ ಓದಿದಾಗ ನನಗೆ ನೆನಪಾದದ್ದು ಆ ಬೊಗಸೆ. ನೂರು ವರ್ಷಗಳ ಹಿಂದೆ ರಾನಡೆ ಕೇಳಿದ ಪ್ರಶ್ನೆಯನ್ನು ಕೇಳುವ ಅಧಿಕಾರವೂ ಅವಕಾಶವೂ ಅಂದು ನನಗಿತ್ತು.

ಆ ಹುಡುಗ ತಾಲ್ಲೂಕು ಮಟ್ಟದ ಆಚೆ ಆಡಿದನೇ ಎಂಬುದನ್ನು ನಾನು ವಿಚಾರಿಸಲಿಲ್ಲ. ಇಂದು ಮಧುಗಿರಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಶಾಲಾ ಕ್ರೀಡಾಕೂಟಗಳು ಹೋಬಳಿಯಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ ಏರುತ್ತವೆ. ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡದ ಗಡಿಯ ಹಳ್ಳಿಯಿಂದ ಬೆಳಗಿನ ಆಯ್ಕೆಗೆ ಮಧುಗಿರಿ ತಲುಪಬೇಕಾದ ಮಗುವಿಗೆ ಬಸ್ಸಿನ ವೇಳೆಯೂ ಒಂದು ಅರ್ಹತೆಯ ಷರತ್ತೇ. ಆಯ್ಕೆಗೆ ಬಂದವರ ಹಾಜರಿಯನ್ನು ಇಲಾಖೆ ಇಟ್ಟುಕೊಳ್ಳುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಪುಟ ಬೇಕು: ಯಾವ ಹೋಬಳಿಯಿಂದ, ಯಾವ ಶಾಲೆಯಿಂದ, ಯಾವ ಕೇರಿಯಿಂದ ವರ್ಷಾನುಗಟ್ಟಲೆ ಯಾರೂ ಬಂದಿಲ್ಲ ಎಂಬುದರ ಪಟ್ಟಿ. ಅದಕ್ಕೆ ಅನುದಾನ ಬೇಕಿಲ್ಲ. ಒಬ್ಬ ದೈಹಿಕ ಶಿಕ್ಷಕರು, ಒಂದು ವಹಿ, ಅದನ್ನು ಓದುವ ಮನಸ್ಸಿರುವ ಒಬ್ಬ ಅಧಿಕಾರಿ ಸಾಕು. ಪೂನಾ ಕ್ಲಬ್ಬಿನಲ್ಲಿ ರೋಲರ್ ಎಳೆಯುತ್ತಿದ್ದ ಯುವಕನನ್ನು ಗಮನಿಸಿದ ಒಬ್ಬ ಸದಸ್ಯ ಇಲ್ಲದಿದ್ದರೆ ಬಾಲು ಅವರ ಹೆಸರು ಆ 4 ರೂಪಾಯಿಯ ಸಂಬಳದ ಪಟ್ಟಿಯಲ್ಲಿಯೇ ಉಳಿದುಹೋಗುತ್ತಿತ್ತು.

ಮಧುಗಿರಿಯ ಆ ಹುಡುಗ ಕೊನೆಗೆ ತನ್ನ ಮೊಬೈಲಿನ ಪಟ್ಟಿಯಲ್ಲಿ ಎಡಗೈ ಸ್ಪಿನ್ನರನ ಎದುರು ಬಾಲು ಎಂದು ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡ. ಅದನ್ನು ಅಳಿಸುವುದೋ ಉಳಿಸಿಕೊಳ್ಳುವುದೋ ಅವನಿಗೆ ಬಿಟ್ಟದ್ದು. ಆ ಸ್ಥಾನಕ್ಕೆ ಇನ್ನೂ ಒಬ್ಬ ಅಭ್ಯರ್ಥಿ ಇದ್ದಾರೆಂಬುದು ಈಗ ಅವನಿಗೆ ಗೊತ್ತು.